ಬದಲಿ ಡ್ಯೂಟಿಗೆ ಮಲೆನಾಡಿಗೆ ಬರುವ ಡಾಕ್ಟರುಗಳಿಗೆ

ರಜೆ ಹೋದವರ ಜಾಗಕ್ಕೆ ಒಂದೆರಡು ತಿಂಗಳು ಬರುವವರು, ಸಂಬಳಕ್ಕಿಂತ ಮೊದಲು ವಾರದ ರಜೆ ಯಾವತ್ತು ಅಂತ ಬರೆಸಿಕೊಳ್ಳಿ. ನಾನು ಬಾಯಿಮಾತಿಗೆ ಒಪ್ಪಿ, ಮೂರು ಭಾನುವಾರ ಆಸ್ಪತ್ರೆ ಕಿಟಕಿಯಿಂದಲೇ ಮಳೆ ನೋಡಿದೆ!

ಸಾಗರದಲ್ಲಿ ಕೆಲಸ ಸಿಕ್ಕರೆ ಬಿಡಬೇಡಿ. ಜೋಗ ಸುಮಾರು 30 ಕಿ.ಮೀ. ಇಕ್ಕೇರಿ ದೇವಸ್ಥಾನವಂತೂ ಸಂಜೆ ಸುಮ್ನೆ ಹೋಗಿಬರುವಷ್ಟು ಹತ್ತಿರ. ತೀರ್ಥಹಳ್ಳಿಯಾದರೆ ಕವಲೇದುರ್ಗ ಕೋಟೆ. ಮಳೆಗಾಲದಲ್ಲಿ ಅಲ್ಲಿ ಕಲ್ಲು ಜಾರುತ್ತೆ, ಉಂಬಳವೂ (ರಕ್ತ ಹೀರುವ ಜಿಗಣೆ) ಜಾಸ್ತಿ. ನಮ್ಮ ನರ್ಸ್ ಅಕ್ಕ ಜೇಬಿಗೆ ಉಪ್ಪಿನ ಗಂಟು ಹಾಕಿಯೇ ಕಳಿಸುತ್ತಿದ್ದರು. ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲಲ್ಲ, ಡಾಕ್ಟರಿಗೆ ಇದನ್ನೂ ಹೇಳಬೇಕಾ?

ಬೇಸಿಗೆಯಲ್ಲಿ ಮಾತ್ರ ಹುಷಾರು. 1957ರಲ್ಲಿ ಮಂಗನ ಕಾಯಿಲೆ ಮೊದಲು ಕಂಡದ್ದು ಇದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಕಾಡಿಗೆ ಹೋಗುವ ಮುಂಚೆ, ಈ ಕಾಯಿಲೆ ಹರಡುವ ಉಣ್ಣೆ ಹುಳ (ಉಣುಗು) ಹತ್ತದಂತೆ ಡೇಪಾ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಮೈಗೆ ಉಣುಗು ಹತ್ತಿದೆಯಾ ನೋಡಿಕೊಳ್ಳಿ.