ಆರು ಗಂಟೆ ಸಾಕು ಅಂದುಕೊಂಡಿದ್ದ ದಿನಗಳು

ಕರಡು ತಿದ್ದುವುದು ನನ್ನ ಕೆಲಸ. ಐದಾರು ಗಂಟೆ ಮಲಗಿದರೆ ನನಗೆ ಸಾಕು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದೆ, ನಂಬಿಯೂ ಇದ್ದೆ. ಆ ನಂಬಿಕೆ ಕೆಡಿಸಿದ್ದು ಒಂದು ಶೀರ್ಷಿಕೆ. ಮೂರು ಸಲ ಓದಿ ಸಹಿ ಹಾಕಿದ ಪುಟದಲ್ಲಿ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, 'ವಿಜ್ಞಾನ'ದ ದೀರ್ಘ ಬಿದ್ದು ಹೋಗಿತ್ತು. ಕಣ್ಣು ಅದರ ಮೇಲೆ ಹಾದಿದೆ, ಮನಸ್ಸು ಅಲ್ಲಿ ಇರಲಿಲ್ಲ.

ಆಮೇಲೆ ಇದರ ಬಗ್ಗೆ ಓದತೊಡಗಿದೆ. 2003ರಲ್ಲಿ ಪ್ರಕಟವಾದ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗವೊಂದು ನನ್ನದೇ ಕಥೆಯಂತಿತ್ತು. 14 ದಿನ ರಾತ್ರಿಗೆ ಆರು ಗಂಟೆಯಷ್ಟೇ ಮಲಗಿದವರ ಗಮನ, ಇಡೀ ರಾತ್ರಿ ಎಚ್ಚರವಿದ್ದವರ ಮಟ್ಟಕ್ಕೆ ಕುಸಿದಿತ್ತು. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ: ತೂಕಡಿಕೆ ಎಷ್ಟಿದೆ ಎಂದು ಕೇಳಿದರೆ ಅವರು ಮೊದಲ ಕೆಲವು ದಿನಗಳ ನಂತರ ಹೆಚ್ಚುಕಮ್ಮಿ ಅದೇ ಉತ್ತರ ಕೊಡುತ್ತಿದ್ದರು. ಕೆಲಸ ಮಾತ್ರ ದಿನದಿಂದ ದಿನಕ್ಕೆ ಕೆಡುತ್ತಲೇ ಇತ್ತು.

ಹಾಗಾಗಿ ನನ್ನ ಅನಿಸಿಕೆಯನ್ನು ನಂಬುವುದು ಬಿಟ್ಟು ಅಳೆಯಲು ಶುರುಮಾಡಿದೆ. ಪರದೆಯ ಮೇಲೆ ಗುರುತು ಕಂಡ ತಕ್ಷಣ ಒತ್ತುವ ಹತ್ತು ನಿಮಿಷದ ಪರೀಕ್ಷೆ, ದಿನಾ ಒಂದೇ ಹೊತ್ತಿಗೆ. ಅರ್ಧ ಸೆಕೆಂಡಿಗಿಂತ ತಡವಾದರೆ ಅದೊಂದು ತಪ್ಪು. ನಿದ್ದೆ ಕಡಿಮೆಯಾದ ದಿನ ನಾನು ಉದ್ದಕ್ಕೂ ನಿಧಾನವಾಗಿರುತ್ತೇನೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಬಹಳಷ್ಟು ಸಲ ಬೆರಳು ಚುರುಕಾಗಿಯೇ ಇತ್ತು. ನಡುನಡುವೆ ಮಾತ್ರ ಒಂದು ಕ್ಷಣ ಎಲ್ಲವೂ ಖಾಲಿ. ಆ ಖಾಲಿ ಕ್ಷಣದಲ್ಲೇ ನನ್ನ ದೀರ್ಘ ಬಿದ್ದು ಹೋಗಿದ್ದು.

ಪಕ್ಕದಲ್ಲೇ ಇನ್ನೊಂದು ಕಾಲಂ ಇಟ್ಟೆ: ಇಂದು ಯಾರ ಮೇಲೆ ರೇಗಿದೆ? ಅದನ್ನು ಬರೆಯುವಾಗ ಕೈ ಹಿಂಜರಿಯುತ್ತಿತ್ತು. ಮಗಳ ಹೆಸರು ಎಷ್ಟು ಸಲ ಬಂತೋ! ನಿದ್ದೆಯಿಲ್ಲದ ಮಿದುಳಿನಲ್ಲಿ ಭಾವನೆ ಕೆರಳಿಸುವ ಅಮಿಗ್ಡಲಾ ಅತಿಯಾಗಿ ಉರಿಯುತ್ತದೆ, ಅದಕ್ಕೆ ಕಡಿವಾಣ ಹಾಕಬೇಕಾದ ಮುಂಭಾಗದ ಹಿಡಿತ ಸಡಿಲವಾಗುತ್ತದೆ ಎಂದು 2007ರ ಅಧ್ಯಯನವೊಂದು ತೋರಿಸಿದೆ. ಅದನ್ನು ಓದಿದಾಗ ಸ್ವಲ್ಪ ಸಮಾಧಾನವಾಯಿತು. ಆದರೆ ಮಗಳಿಗೆ ಅದರಿಂದೇನು?

ಬೇಗ ಮಲಗುವುದೇ ಕಷ್ಟದ ಭಾಗ. ಫೋನ್ ಕೆಳಗಿಡಲು ಸಂಯಮ ಬೇಕು, ರಾತ್ರಿ ಹನ್ನೊಂದಕ್ಕೆ ನನ್ನಲ್ಲಿ ಇಲ್ಲದ್ದೇ ಅದು. ಮನಸ್ಸು ಗಟ್ಟಿ ಮಾಡಿಕೊಂಡು ಎಷ್ಟೋ ಸಲ ಸೋತೆ. ಕೊನೆಗೆ ಆ ನಿರ್ಧಾರವನ್ನೇ ಸಂಜೆಗೆ ತಂದುಕೊಂಡೆ. ಊಟಕ್ಕೆ ಮೊದಲೇ ಫೋನ್ ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹೋಗುತ್ತದೆ, ಅಲಾರಮ್ಮಿಗೆ ಬೇರೆ ಗಡಿಯಾರ. ಮಧ್ಯಾಹ್ನದ ನಂತರ ಕಾಫಿ ಇಲ್ಲ; ಕುಡಿದ ಕೆಫೀನಿನ ಅರ್ಧ ಭಾಗ ಐದು ಗಂಟೆ ಕಳೆದರೂ ರಕ್ತದಲ್ಲಿ ಉಳಿದಿರಬಹುದು. ಏಳುವ ಹೊತ್ತು ರಜಾದಿನವೂ ಒಂದೇ.

ಏಳೂವರೆ ಗಂಟೆಯ ನಿದ್ದೆ ಅಭ್ಯಾಸವಾಗಲು ಮೂರು ವಾರ ಹಿಡಿಯಿತು. ಒಂದು ಪರೀಕ್ಷೆಯಲ್ಲಿ ಒಂಬತ್ತು ಹತ್ತು ಇರುತ್ತಿದ್ದ ತಪ್ಪುಗಳು ಒಂದೆರಡಕ್ಕೆ ಇಳಿದವು. ರೇಗಿದ ಕಾಲಂ ಅಷ್ಟು ಬೇಗ ಖಾಲಿಯಾಗಲಿಲ್ಲ, ತೆಳುವಾಯಿತು ಅಷ್ಟೆ.

ಕೆಲಸದ ಒತ್ತಡಕ್ಕೆ ನಿದ್ದೆಗೆಡುವ ರಾತ್ರಿ ಈಗಲೂ ಬರುತ್ತದೆ. ಮರುದಿನ ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗುತ್ತೇನೆ, ಸಿಟ್ಟು ಬರಿಸುವ ಪತ್ರಗಳಿಗೆ ಉತ್ತರ ಬರೆಯುವುದಿಲ್ಲ. ಶೀರ್ಷಿಕೆಗಳನ್ನು ಮಾತ್ರ ಸಹೋದ್ಯೋಗಿಯ ಮೇಜಿಗೆ ಕಳಿಸುತ್ತೇನೆ, ನಿನ್ನೆ ಮಲಗಿದ್ದು ನಾಲ್ಕೇ ಗಂಟೆ ಎಂದು ಮೇಲೆ ಪೆನ್ಸಿಲಿನಲ್ಲಿ ಬರೆದು.