ಅಂಗಳಕ್ಕೆ ಅಗ್ಗಿಷ್ಟಿಕೆ ತರುವ ಮುಂಚೆ

ನಾನು ಅಂಗಳದಲ್ಲಿ ಮೊದಲು ತೋಡಿಸಿದ ಬೆಂಕಿಗುಂಡಿಯಲ್ಲಿ ಜೂನ್ ಕೊನೆಗೆ ಗೊದಮೊಟ್ಟೆಗಳು ಈಜುತ್ತಿದ್ದವು. ಎರಡಡಿ ಆಳದ ಗುಂಡಿ, ಸುತ್ತ ಹೊಳೆಕಲ್ಲು. ಫೋಟೋದಲ್ಲಿ ನೋಡಿದ ಹಾಗೇ ಮಾಡಿಸಿದ್ದೆ. ಆ ಫೋಟೋ ತೆಗೆದವರಿಗೆ ಮೂಡಿಗೆರೆ ಕಡೆಯ ಮಳೆ ಗೊತ್ತಿರಲಿಲ್ಲ, ಅಷ್ಟೇ. ಅತ್ತೆ ಬಂದು ಇಣುಕಿ ನೋಡಿ, "ಬಾವಿ ಚೆನ್ನಾಗಿದೆ ಕಣೇ, ರಾಟೆ ಯಾವಾಗ ಹಾಕಿಸ್ತೀಯ?" ಅಂದರು.

ಆಮೇಲೆ ಇನ್ನೂ ಎರಡು ಸಲ ದುಡ್ಡು ಹಾಳು ಮಾಡಿದೆ. ಈಗಿರುವುದು ನಾಲ್ಕನೆಯದು. ನಮ್ಮದು ಕಾಫಿ ತೋಟದೊಳಗಿನ ಮೂರು ಕೋಣೆಯ ಸಣ್ಣ ಹೋಂಸ್ಟೇ. ಚಳಿಗಾಲದಲ್ಲಿ ಫೋನ್ ಮಾಡುವವರು ಊಟ ಏನು ಅಂತ ಕೇಳುವ ಮುಂಚೆ "ಕ್ಯಾಂಪ್ ಫೈರ್ ಇದೆಯಾ?" ಅಂತ ಕೇಳುತ್ತಾರೆ. ಹಾಗಾಗಿ ವರ್ಷಕ್ಕೆ ನಾಲ್ಕು ತಿಂಗಳು ಹೆಚ್ಚುಕಡಿಮೆ ದಿನಾ ಬೆಂಕಿ ಹಾಕುವವಳು ನಾನು. ಮನೆ ಹಿತ್ತಲಿಗೋ ಅಂಗಳಕ್ಕೋ ಒಂದು ಅಗ್ಗಿಷ್ಟಿಕೆ ಬೇಕು ಅನ್ನುವವರಿಗೆ ನನ್ನ ತಪ್ಪುಗಳಾದರೂ ಉಪಯೋಗಕ್ಕೆ ಬರಲಿ.

ಮೊದಲು ಅಂಗಡಿಗೆ ಹೋಗಬೇಡಿ. ಒಂದು ಕಟ್ಟು ಅಗರಬತ್ತಿ ತಗೊಂಡು ನಾಲ್ಕು ಸಂಜೆ ಅಂಗಳದಲ್ಲಿ ಕೂತುಕೊಳ್ಳಿ. ಏಳು ಗಂಟೆಗೆ ಒಂದು, ಒಂಬತ್ತಕ್ಕೆ ಒಂದು ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆ ನೋಡಿ. ಹಗಲಿನ ಗಾಳಿ ನಂಬಬೇಡಿ. ಗುಡ್ಡದ ಜಾಗದಲ್ಲಿ ಸೂರ್ಯ ಮುಳುಗಿದ ಮೇಲೆ ತಂಪಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ನೀರಿನ ಹಾಗೆ ಕೆಳಗೆ ಹರಿಯುತ್ತದೆ. ನಾನು ಎರಡನೆಯ ಸಲ ಬೆಂಕಿ ಹಾಕಿದ್ದು ಮನೆಗಿಂತ ಮೇಲಿನ ಮಟ್ಟದಲ್ಲಿದ್ದ ಕಾಫಿ ಕಣದ ಮೂಲೆಯಲ್ಲಿ. ಮಧ್ಯಾಹ್ನ ಪರೀಕ್ಷೆ ಮಾಡಿದಾಗ ಹೊಗೆ ತೋಟದ ಕಡೆ ಹೋಯಿತು. ರಾತ್ರಿ ಅದೇ ಹೊಗೆ ನೇರ ಇಳಿದು ಬಂದು ಅತಿಥಿಗಳ ಕೋಣೆಯ ಕಿಟಕಿಗೆ ನುಗ್ಗಿತು. ಹಾಸಿಗೆ ಹೊದಿಕೆಯೆಲ್ಲ ಬಚ್ಚಲ ಒಲೆಯ ವಾಸನೆ.

ಆ ಕಣದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಸಿಮೆಂಟ್ ನೆಲದ ಮೇಲೆ ನೇರವಾಗಿ ಸೌದೆ ಜೋಡಿಸಿ ಹಚ್ಚಿದ್ದೆ. ಅರ್ಧ ಗಂಟೆಗೆ "ಫಟ್" ಅಂತ ಸದ್ದು. ತಟ್ಟೆಯಷ್ಟು ಅಗಲದ ಸಿಮೆಂಟ್ ಚಕ್ಕೆ ಎದ್ದು ಹೋಗಿತ್ತು. ಕಾಂಕ್ರೀಟಿನೊಳಗೆ ತೇವ ಇದ್ದೇ ಇರುತ್ತದೆ. ಅದು ಕಾದು ಆವಿಯಾಗಿ ಹೊರಗೆ ಬರಲು ದಾರಿ ಸಿಗದಿದ್ದರೆ ಹೀಗೆ ಸಿಡಿಯುತ್ತದೆ. ಮಾವನಿಗೆ ಅದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಪಕ್ಕದಲ್ಲೇ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಒಣಗುತ್ತಿತ್ತು. ಕಾಫಿ ಬೀಜ ಸುತ್ತಲಿನ ವಾಸನೆ ಹೀರಿಕೊಳ್ಳುತ್ತದೆ, ಹೊಗೆ ಕುಡಿದ ಕಾಫಿ ಯಾರಿಗೆ ಬೇಕು? ತೋಟದವರು ಯಾರಾದರೂ ಓದುತ್ತಿದ್ದರೆ ಇದೊಂದನ್ನು ಮರೆಯಬೇಡಿ.

ಜಾಗದ ಅಳತೆಯನ್ನೂ ಈಗಲೇ ಹಾಕಿ. ಎಂಟು ಜನ ಕೂರಲು ಮೂರಡಿ ಅಗಲದ ಒಲೆ ಸಾಕು. ಒಲೆಯ ಅಂಚಿನಿಂದ ಕುರ್ಚಿಗೆ ಮೂರಡಿ ಅಂತರ, ಕುರ್ಚಿಗೆ ಎರಡೂವರೆ ಅಡಿ. ಎರಡೂ ಕಡೆ ಸೇರಿದರೆ ಆಗಲೇ 14 ಅಡಿ. ಕುರ್ಚಿ ಹಿಂದೆ ಓಡಾಡುವ ಜಾಗ ಸೇರಿಸಿದರೆ 18ರಿಂದ 20 ಅಡಿ. ಮನೆ ಗೋಡೆಯಿಂದ ಕಡಿಮೆ ಅಂದರೂ ಹತ್ತಡಿ ದೂರ ಇರಲಿ. ಸೌದೆ ಕೊಟ್ಟಿಗೆ, ಟಾರ್ಪಾಲು, ಅಡಿಕೆ ಸೋಗೆ ಇದ್ದರೆ ಇನ್ನೂ ದೂರ. ಕತ್ತೆತ್ತಿ ಮೇಲೂ ನೋಡಿ. ಕೊಂಬೆ, ಕರೆಂಟ್ ತಂತಿ, ಬಟ್ಟೆ ಒಣಗಿಸುವ ಹಗ್ಗ ಯಾವುದೂ ಇರಬಾರದು.

ಇನ್ನು ಸೌದೆ. ಇದನ್ನು ಯಾರೂ ಯೋಚನೆ ಮಾಡುವುದಿಲ್ಲ. ಆದರೆ ನಿಮಗೆ ಯಾವ ಸೌದೆ ಸಿಗುತ್ತದೆ ಅನ್ನುವುದರ ಮೇಲೆಯೇ ಒಲೆ ಆರಿಸಬೇಕು. ನಮಗೆ ಸಿಗುವುದು ಎರಡು. ಒಂದು ಸಿಲ್ವರ್ ಓಕ್: ಹಗುರ, ಸುಲಭವಾಗಿ ಸೀಳುತ್ತದೆ, ಬೇಗ ಹತ್ತಿಕೊಳ್ಳುತ್ತದೆ, ಬೇಗ ಮುಗಿದೂ ಹೋಗುತ್ತದೆ. ಇನ್ನೊಂದು ಕಿತ್ತು ಹಾಕಿದ ಹಳೆ ಕಾಫಿ ಗಿಡದ ಬುಡ. ಗಂಟು ಗಂಟು, ಕೊಡಲಿಗೆ ಬಗ್ಗುವುದಿಲ್ಲ. ಆದರೆ ಒಂದು ಸಲ ಕೆಂಡವಾಯಿತು ಅಂದರೆ ರಾತ್ರಿ ಹನ್ನೊಂದರವರೆಗೆ ಕೂತಿರುತ್ತದೆ. ಸಿಲ್ವರ್ ಓಕಿನಿಂದ ಹಚ್ಚಿ ಕಾಫಿ ಬುಡ ಇಡುವುದು ನಮ್ಮ ಪದ್ಧತಿ. ಈ ಬುಡಗಳು ಸೊಟ್ಟಪಟ್ಟ ಆಗಿರುವುದರಿಂದ ಅಗಲ ಬಾಯಿಯ ಒಲೆಯೇ ಬೇಕು. ಮರದ ಡಿಪೋದಿಂದ ಒಂದಡಿ ತುಂಡು ತರುವವರಿಗೆ ಸಣ್ಣ ಒಲೆಯೂ ಆದೀತು.

ಸೌದೆ ಒಣಗಿದೆಯಾ ಅಂತ ತಿಳಿಯಲು ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. "ಠಣ್" ಅಂದರೆ ಒಣಗಿದೆ. "ಡಬ್" ಅಂದರೆ ಇನ್ನೂ ಹಸಿ, ಕಣ್ಣು ಉರಿಯುವುದು ಗ್ಯಾರಂಟಿ. ಬಿದಿರಿನ ಗಳ ಹಾಕಬೇಡಿ, ಗೆಣ್ಣಿನ ನಡುವಿನ ಗಾಳಿ ಕಾದು ಪಟಾಕಿ ಹಾಗೆ ಸಿಡಿಯುತ್ತದೆ. ಕಣಗಿಲೆ ಕಡ್ಡಿಯ ಹೊಗೆ ವಿಷ. ಚೇರು ಮರವಂತೂ ಬೇಡವೇ ಬೇಡ. ಅದರ ಸೊನೆ ತಾಗಿದರೆ ಮೈಯೆಲ್ಲ ಬಾಯುತ್ತದೆ, ಹೊಗೆ ತಾಗಿದರೂ ಅದೇ ಗತಿ. ಪೇಂಟ್ ಹೊಡೆದ ಹಲಗೆ, ಪ್ಲೈವುಡ್ ಕೂಡ ಬೇಡ.

ಈಗ ಒಲೆಗೆ ಬರೋಣ.

ನೆಲದಲ್ಲಿ ತೋಡಿದ ಗುಂಡಿ ನೋಡಲು ಚೆಂದ. ಬಯಲುಸೀಮೆಯಲ್ಲಿ, ತಳಕ್ಕೆ ಒಂದಡಿ ದಪ್ಪ ಜಲ್ಲಿ ತುಂಬಿಸಿ ನೀರು ಇಂಗುವ ಹಾಗೆ ಮಾಡಿದರೆ ನಡೆಯುತ್ತದೆ. ಮಲೆನಾಡಿನಲ್ಲಿ ಬೇಡ, ಗೊದಮೊಟ್ಟೆ ವಿಷಯ ಹೇಳಿದೆನಲ್ಲ. ಗುಂಡಿಗಿಂತ ದೊಡ್ಡ ತಪ್ಪು ಅದರ ಸುತ್ತ ಇಟ್ಟಿದ್ದ ಹೊಳೆಕಲ್ಲು. ನೀರಿನಲ್ಲೇ ಬಿದ್ದಿದ್ದ ಕಲ್ಲಿನ ಬಿರುಕುಗಳಲ್ಲಿ ನೀರು ಕೂತಿರುತ್ತದೆ. ಡಿಸೆಂಬರಿನ ಒಂದು ರಾತ್ರಿ ಅಂಥ ಒಂದು ಕಲ್ಲು ಒಡೆದು, ಬೆರಳುದ್ದದ ಚೂರು ಅತಿಥಿಯೊಬ್ಬರ ತಟ್ಟೆಗೆ ಬಂದು ಬಿತ್ತು. ಕೋಳಿ ಸಾರಿನಲ್ಲಿ. ಅವರು ನಕ್ಕರು, ನನಗೆ ಕೈಕಾಲು ನಡುಗಿತು. ಕಣ್ಣಿಗೆ ಬಿದ್ದಿದ್ದರೆ?

ಸೈಜುಕಲ್ಲು ಆದರೆ ಪರವಾಗಿಲ್ಲ ಅಂತ ಕೆಲವರು ಹೇಳುತ್ತಾರೆ. ಕಲ್ಲು ಕ್ವಾರಿಯಲ್ಲಿ ಹಿಂದಿನವರು ಬಂಡೆ ಎಬ್ಬಿಸುತ್ತಿದ್ದದ್ದು ಹೇಗೆ? ಮೇಲೆ ಸೌದೆ ಒಟ್ಟಿ ಬೆಂಕಿ ಹಾಕಿ. ಕಾದ ಪದರ ಹಿಗ್ಗಿ ತಾನಾಗಿ ಬಿಟ್ಟುಕೊಳ್ಳುತ್ತದೆ. ನಿಮ್ಮ ಒಲೆಯಲ್ಲೂ ಅದೇ ಆಗುತ್ತದೆ. ಸೈಜುಕಲ್ಲು ಹೊರಗೋಡೆಗೆ ಇರಲಿ, ಉರಿ ತಾಗುವ ಒಳಮೈಗೆ ಫೈರ್ ಬ್ರಿಕ್ ಬೇಕು. 9 ಇಂಚು ಉದ್ದ, ನಾಲ್ಕೂವರೆ ಅಗಲ, 3 ಇಂಚು ದಪ್ಪದ ತಿಳಿ ಬಣ್ಣದ ಇಟ್ಟಿಗೆ ಅದು. ಬೆಲೆ ಮಾಮೂಲಿ ಇಟ್ಟಿಗೆಗಿಂತ ತುಂಬಾ ಜಾಸ್ತಿ. ಕಟ್ಟಲು ಸಿಮೆಂಟ್ ಗಾರೆ ಬೇಡ, ಬೆಂಕಿಮಣ್ಣಿನ (ಫೈರ್ ಕ್ಲೇ) ಗಾರೆ ಅಂತಲೇ ಸಿಗುತ್ತದೆ, ಅದನ್ನು ತೆಳ್ಳಗೆ ಬಳಿಯಬೇಕು. ಮೇಸ್ತ್ರಿ "ಎಲ್ಲಾ ಒಂದೇ ಅಕ್ಕ" ಅನ್ನುತ್ತಾರೆ. ಒಪ್ಪಿಕೊಳ್ಳಬೇಡಿ. ಹೀಗೆ ಕಟ್ಟಿದ್ದನ್ನು ಮಳೆಗಾಲದಲ್ಲಿ ಮುಚ್ಚಿಡಲೇಬೇಕು. ನವೆಂಬರಿನಲ್ಲಿ ಮೊದಲ ಎರಡು ದಿನ ಸಣ್ಣ ಉರಿಯಲ್ಲಿ ಒಣಗಿಸಿ ಆಮೇಲೆ ದೊಡ್ಡ ಬೆಂಕಿ.

ನನ್ನ ಮೂರನೆಯದು ಆನ್‌ಲೈನಿನಲ್ಲಿ ತರಿಸಿದ ಕಬ್ಬಿಣದ ಬಾಣಲೆ ಥರದ್ದು, ಮೂರು ಕಾಲು, ಮೇಲೆ ಜಾಲರಿ ಮುಚ್ಚಳ. ತಗಡು ಒಂದು ಮಿಲಿಮೀಟರ್ ಇತ್ತೋ ಏನೋ. ಮೊದಲ ಬೆಂಕಿಗೇ ಕಪ್ಪು ಬಣ್ಣ ಎದ್ದು ಬಂತು. ಎರಡನೆಯ ವರ್ಷ ತಳ ಸೊಟ್ಟಗಾಯಿತು, ಒಂದು ಕಾಲಿನ ವೆಲ್ಡಿಂಗ್ ಬಿಟ್ಟಿತು. ಈಗ ಅದರಲ್ಲಿ ಅತ್ತೆ ಕೊತ್ತಂಬರಿ ಬೆಳೆಯುತ್ತಾರೆ. ಕಬ್ಬಿಣದ್ದು ಕೊಳ್ಳುವಾಗ ಚಿತ್ರ ನೋಡಬೇಡಿ, ತೂಕ ಕೇಳಿ. ಎತ್ತಿದರೆ ಸಲೀಸಾಗಿ ಬಂದರೆ ಅದು ಎರಡು ಚಳಿಗಾಲದ್ದು. ಎರಕದ ಕಬ್ಬಿಣ ಬಾಳಿಕೆ ಬರುತ್ತದೆ, ಆದರೆ ಕಾದಿರುವಾಗ ತಣ್ಣೀರು ಎರಚಿದರೆ ಬಿರುಕು ಬಿಡುತ್ತದೆ. ಮೇಲೆ ಹಿಡಿದ ತುಕ್ಕೇ ಒಳಗಿನ ಲೋಹವನ್ನು ಕಾಯುವ ಕಾರ್ಟೆನ್ ಸ್ಟೀಲ್ ಅಂತ ಒಂದು ಈಗ ಫ್ಯಾಷನ್. ಅದಕ್ಕೆ ನೆನೆದು ಒಣಗುವ ಅವಕಾಶ ಬೇಕು. ನಮ್ಮ ಕಡೆ ಜುಲೈನಲ್ಲಿ ಒಣಗುವುದು ಎಲ್ಲಿ ಬಂತು? ನೆಲಕ್ಕೆಲ್ಲ ಕೆಂಪು ಕಲೆ ಬೇರೆ.

ಡ್ರಮ್ ಅರ್ಧ ಕತ್ತರಿಸಿ ಬಳಸುವುದು ಅಗ್ಗದ ದಾರಿ. ಔಷಧಿ, ಕೆಮಿಕಲ್ ತುಂಬಿದ್ದ ಡ್ರಮ್ ಬೇಡ. ಜಿಂಕ್ ಬಳಿದ ಬಿಳಿ ತಗಡೂ ಬೇಡ. ಜೋರು ಉರಿಗೆ ಆ ಜಿಂಕ್ ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ಜ್ವರ ಬರುತ್ತದೆ.

ಚಿಮಣಿ ಇರುವ, ಗೋಡೆಗೆ ಆನಿಸಿ ಕಟ್ಟುವ ಅಗ್ಗಿಷ್ಟಿಕೆ ಇನ್ನೊಂದು ಬಗೆ. ಬ್ರಿಟಿಷರ ಕಾಲದ ಎಸ್ಟೇಟ್ ಬಂಗಲೆಗಳ ಒಳಗೆ ಇರುತ್ತದಲ್ಲ, ಅದನ್ನೇ ಹೊರಗೆ ತಂದ ಹಾಗೆ. ಹೊಗೆ ಮೇಲೆ ಹೋಗುತ್ತದೆ, ಗಾಳಿಗೆ ಮರೆ ಸಿಗುತ್ತದೆ. ಆದರೆ ಒಂದೇ ಕಡೆ ಕೂರಬೇಕು, ನಾಲ್ಕೈದು ಜನಕ್ಕೆ ಮಾತ್ರ ಶಾಖ. ಕಟ್ಟಿಸುವುದಾದರೆ ಚಿಮಣಿಯ ಒಳ ಅಗಲ ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ. ಒಲೆಯ ಬಾಯಿ 36 ಇಂಚು ಅಗಲ, 30 ಇಂಚು ಎತ್ತರ ಇದ್ದರೆ 1,080 ಚದರ ಇಂಚು. ಗಿಡ್ಡ ಚಿಮಣಿಗೆ ಅದರ ಎಂಟರಲ್ಲಿ ಒಂದು ಪಾಲು, ಅಂದರೆ 135 ಚದರ ಇಂಚು ಬೇಕು. 12ಕ್ಕೆ 12 ಬಿಟ್ಟರೆ ಸರಿಹೋಗುತ್ತದೆ. ಕಿರಿದಾದರೆ ಹೊಗೆ ವಾಪಸ್ ಮುಖಕ್ಕೇ. ಮೇಲೆ ಮಳೆಗೆ ಟೋಪಿ ಹಾಕಿಸಿ.

ಹೊಗೆಯಿಲ್ಲದ ಒಲೆ ಅಂತ ಎರಡು ಪದರದ ಸ್ಟೀಲಿನದು ಬರುತ್ತದೆ. ಕೆಳಗಿನ ತೂತಿನಿಂದ ಒಳಗೆ ಬಂದ ಗಾಳಿ ಪದರಗಳ ನಡುವೆ ಕಾದು, ಮೇಲಿನ ತೂತುಗಳಿಂದ ಬಂದು ಹೊಗೆಯನ್ನೇ ಸುಡುತ್ತದೆ. ಒಣ ಸೌದೆ ಇದ್ದರೆ ನಿಜವಾಗಿಯೂ ಕೆಲಸ ಮಾಡುತ್ತದೆ. ಶಾಖ ಮಾತ್ರ ಮೇಲಕ್ಕೇ ಹೋಗುತ್ತದೆ, ಕಾಲು ತಣ್ಣಗೇ ಇರುತ್ತದೆ. ನಮ್ಮ ಕಾಫಿ ಬುಡ ಅದರ ಬಾಯಿಗೆ ಹಿಡಿಸುವುದೂ ಇಲ್ಲ.

ಗ್ಯಾಸಿನದು ಬೆಂಗಳೂರಿನವರಿಗೆ. ನನ್ನ ಮೈದುನ ಟೆರೇಸ್ ಮೇಲೆ ಸೌದೆ ಒಲೆ ಇಡುತ್ತೇನೆ ಅಂದಾಗ ಬೇಡ ಅಂದೆ. ಕೆಳಗೆ ವಾಟರ್‌ಪ್ರೂಫಿಂಗ್, ಪಕ್ಕದಲ್ಲಿ ಪ್ಲಾಸ್ಟಿಕ್ ಟ್ಯಾಂಕು, ಎದುರುಮನೆ ಬಾಲ್ಕನಿಯಲ್ಲಿ ಬಟ್ಟೆ. ನಡುವೆ ಬರ್ನರ್ ಇರುವ ಗ್ಯಾಸ್ ಟೇಬಲ್ ಆದರೆ ಗುಂಡಿ ತಿರುಗಿಸಿದರೆ ಆರುತ್ತದೆ. ಖರ್ಚಿನ ಲೆಕ್ಕ ಹೀಗಿದೆ: 50,000 ಬಿಟಿಯು (ಗಂಟೆಗೆ ಕೊಡುವ ಶಾಖದ ಅಳತೆ) ಅಂತ ಬರೆದಿರುವ ಬರ್ನರ್ ಪೂರ್ತಿ ಉರಿಸಿದರೆ ಗಂಟೆಗೆ ಒಂದು ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ಗ್ಯಾಸ್ ಬೇಕು. 19 ಕೆ.ಜಿ. ಸಿಲಿಂಡರ್ ದಿನಕ್ಕೆ ಮೂರು ಗಂಟೆಯಂತೆ ಐದಾರು ಸಂಜೆಗೆ ಖಾಲಿ. ನನ್ನಂಥ ಹೋಂಸ್ಟೇಯವರು ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್ ಇದಕ್ಕೆ ಹಾಕುವಂತಿಲ್ಲ. ಗ್ಯಾಸ್ ಬರ್ನರನ್ನು ತಗ್ಗಿನಲ್ಲಿ ಕೂರಿಸಲೂಬಾರದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲೇ ನಿಂತಿರುತ್ತದೆ.

ಕೊನೆಗೆ ನಾನು ಮಾಡಿಸಿದ್ದು ಬರೀ ಒಂದು ಬಳೆ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಶೀಟನ್ನು ಬಗ್ಗಿಸಿ, ಮೂರಡಿ ಅಗಲ, ಒಂದಡಿ ಎತ್ತರದ ಬಳೆ. ತಳವಿಲ್ಲ, ಕಾಲಿಲ್ಲ. ತೂಕ 40 ಕೆ.ಜಿ. ಕೂಲಿ ಸೇರಿ ಐದು ಸಾವಿರದ ಹತ್ತಿರ ಆಯಿತು. ನೆಲಕ್ಕೆ ಅರ್ಧ ಅಡಿ ಜಲ್ಲಿ, ಮೇಲೆ ಮರಳು, ಅದರ ಮೇಲೆ ಫೈರ್ ಬ್ರಿಕ್ ಸುಮ್ನೆ ಜೋಡಿಸಿದ್ದೇವೆ, ಗಾರೆ ಹಾಕಿಲ್ಲ. ಬಳೆಯನ್ನು ನಾಲ್ಕು ಇಟ್ಟಿಗೆ ಚೂರಿನ ಮೇಲೆ ಎತ್ತಿ ಇಟ್ಟಿರುವುದರಿಂದ ಕೆಳಗಿನಿಂದ ಎರಡಿಂಚು ಸುತ್ತಲೂ ಗಾಳಿ ಹೋಗುತ್ತದೆ. ಊದುಗೊಳವೆ ಬೇಕೇ ಆಗಿಲ್ಲ. ಬಣ್ಣ ಹೊಡೆಸಲಿಲ್ಲ. ಬೆಚ್ಚಗಿರುವಾಗ ವಡೆ ಕರಿದ ಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸುತ್ತೇನೆ. ಕಪ್ಪಗೆ, ದೋಸೆ ಕಾವಲಿ ಹಾಗೆ ಆಗಿದೆ.

ಬೆಂಕಿ ಪಕ್ಕ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಇರುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರ ತರುವುದಿಲ್ಲ. ಒಣ ಅಡಿಕೆ ಸಿಪ್ಪೆ ಹಿಡಿಯಷ್ಟು ಸಾಕು ಹಚ್ಚಲು. ನೈಲಾನ್ ಶಾಲು ಹೊದ್ದವರನ್ನು ಹಿಂದೆ ಕೂರಿಸುತ್ತೇನೆ. ಆನೆ ಓಡಾಡುತ್ತಿದೆ ಅಂತ ವಾಟ್ಸಾಪಿನಲ್ಲಿ ಬಂದ ದಿನ ಅಂಗಳದ ಬೆಂಕಿ ಇಲ್ಲ, ಯಾರು ಎಷ್ಟು ಕೇಳಿದರೂ ಇಲ್ಲ. ಇನ್ನೊಂದು ಮಾತಿಗೂ ಒಪ್ಪುವುದಿಲ್ಲ: "ಸ್ವಲ್ಪ ಕೆಂಡ ರೂಮಿಗೆ ಇಡ್ತೀರಾ?" ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಬಿಸಿನೀರಿನ ಚೀಲ ಕೊಟ್ಟು ಕಳಿಸುತ್ತೇನೆ.

ಬೂದಿಯನ್ನು ಮಾರನೆಯ ದಿನ ಸಂಜೆವರೆಗೂ ಮುಟ್ಟುವುದಿಲ್ಲ. ಮೇಲೆ ತಣ್ಣಗಿದ್ದರೂ ಕಾಫಿ ಬುಡದ ಕೆಂಡ ಒಳಗೆ ಜೀವ ಹಿಡಿದಿರುತ್ತದೆ. ಆಮೇಲೆ ಮುಚ್ಚಳದ ತಗಡಿನ ಡಬ್ಬಿಗೆ ತುಂಬಿ, ಪೂರ್ತಿ ಆರಿದ ಮೇಲೆ ಬಾಳೆ ಬುಡಕ್ಕೆ.

ಮೇ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ, ಬಳೆಯನ್ನು ನಿಲ್ಲಿಸಿ ಗಾಡಿ ಚಕ್ರದ ಹಾಗೆ ಉರುಳಿಸಿಕೊಂಡು ಸೌದೆ ಕೊಟ್ಟಿಗೆಗೆ ತರುತ್ತೇವೆ. ಇಬ್ಬರು ಸಾಕು. ಹೋದ ವರ್ಷ ಇಳಿಜಾರಿನಲ್ಲಿ ನನ್ನ ಕೈತಪ್ಪಿ ಅತ್ತೆಯ ಕೊತ್ತಂಬರಿ ಬಾಣಲೆಗೆ ಗುದ್ದಿತು. ಬಳೆಗೆ ಏನೂ ಆಗಲಿಲ್ಲ.