ಶಾರ್ಡಾನ್ ತರಹ ಹಣ್ಣಿನ ಬುಟ್ಟಿ ಬಿಡಿಸುವುದು

ಹದಿನೆಂಟನೇ ಶತಮಾನದ ಫ್ರಾನ್ಸಿನ ಅಲಂಕಾರದ ಶೈಲಿ ರೊಕೊಕೊ ಅಂದರೆ ಗುಲಾಬಿ ರೇಷ್ಮೆ, ಚಿನ್ನದ ಸುರುಳಿ, ಉಯ್ಯಾಲೆ ಆಡುವ ಹುಡುಗಿಯರು, ಅಲ್ವಾ? ಅದೇ ಕಾಲದ ಪ್ಯಾರಿಸ್‌ನಲ್ಲಿ ಚಿತ್ರಕಾರ ಶಾರ್ಡಾನ್ (1699–1779) ತಾಮ್ರದ ಪಾತ್ರೆ, ಲೋಟ, ನಾಲ್ಕು ಹಣ್ಣು ಇಟ್ಟುಕೊಂಡು ಕೂತಿದ್ದ. ಸ್ಟಿಲ್ ಲೈಫ್ (ಮುಂದಿಟ್ಟ ವಸ್ತುಗಳ ಚಿತ್ರ) ಕಲಿಯಲು ಬಂದವರಿಗೆ ನಾನು ಮೊದಲು ತೋರಿಸುವುದು ಅವನ 1761ರ ಕಾಡು ಸ್ಟ್ರಾಬೆರಿ ಬುಟ್ಟಿ. ಈಗ ಅದು ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಗೋಪುರದ ಹಾಗೆ ಪೇರಿಸಿದ ಹಣ್ಣು, ಪಕ್ಕದಲ್ಲಿ ನೀರಿನ ಲೋಟ, ಎರಡು ಬಿಳಿ ಕಾರ್ನೇಷನ್ ಹೂ, ಒಂದು ಪೀಚ್, ಎರಡು ಚೆರ್ರಿ. ಅಷ್ಟೇ.

ನೀವೂ ಜಾಸ್ತಿ ಇಡಬೇಡಿ. ಬೆಳಕು ಎಡಗಡೆಯ ಒಂದೇ ಕಿಟಕಿಯಿಂದ ಬರಲಿ, ದೀಪ ಆರಿಸಿ. ಹಿಂದೆ ಕಂದು ರಟ್ಟು ಸಾಕು. ಕ್ಯಾನ್ವಾಸಿನ ಮೇಲೂ ಮೊದಲು ಅಂಬರ್ (umber, ಕಂದು ಮಣ್ಣಿನ ಬಣ್ಣ) ತೆಳುವಾಗಿ ಬಳಿದು ಒಣಗಿಸಿ. ಬಿಳಿ ಕ್ಯಾನ್ವಾಸ್ ಮೇಲೆ ಎಲ್ಲ ಬಣ್ಣವೂ ಇರುವುದಕ್ಕಿಂತ ಗಾಢವಾಗಿ ಕಂಡು ಕಣ್ಣಿಗೆ ಮೋಸ ಮಾಡುತ್ತದೆ.

ಹಣ್ಣು ಬಾಡುವ ವಸ್ತು, ಅದನ್ನೇ ಮೊದಲು ಮುಗಿಸಿ. ಒಂದೊಂದೇ ಹಣ್ಣು ಬಿಡಿಸಲು ಹೋದಿರೋ, ಕೆಟ್ಟಿತು. ಕಣ್ಣು ಅರ್ಧ ಮುಚ್ಚಿ ನೋಡಿ. ಇಡೀ ರಾಶಿ ಒಂದೇ ಕೆಂಪು ಗುಡ್ಡ. ನೆರಳಿನ ಕಡೆಗೆ ಕ್ರಿಮ್ಸನ್‌ಗೆ (ಗಾಢ ಕೆಂಪು) ಅಂಬರ್ ಬೆರೆಸಿ. ದಯವಿಟ್ಟು ಕಪ್ಪು ಬೇಡ, ಹಣ್ಣು ಕೊಳೆತಂತೆ ಕಾಣುತ್ತದೆ. ಬೆಳಕಿನ ಕಡೆಗೆ ಸ್ವಲ್ಪ ಕಿತ್ತಳೆ ಸೇರಲಿ. ಆಮೇಲೆ ಬೆಳಕು ಬಿದ್ದ ಅಂಚಿನಲ್ಲಿ ಮಾತ್ರ ಏಳೆಂಟು ಹಣ್ಣಿಗೆ ಆಕಾರ ಕೊಡಿ. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಇನ್ನು ನಿಜವಾದ ಕೆಲಸ: ಬಣ್ಣ ಒಂದರಿಂದ ಇನ್ನೊಂದಕ್ಕೆ ಹರಿಯಬೇಕು. ಆ ಕೆಂಪು ಸ್ವಲ್ಪ ಲೋಟಕ್ಕೆ, ಬುಟ್ಟಿಯ ಹೆಣಿಗೆಗೆ, ಮೇಜಿಗೆ ತಾಗಲಿ. ಇದಿಲ್ಲದಿದ್ದರೆ ವಸ್ತುಗಳು ಬೇರೆ ಬೇರೆ ಕಡೆಯಿಂದ ಕತ್ತರಿಸಿ ಅಂಟಿಸಿದ ಹಾಗಿರುತ್ತವೆ. ಆಗಾಗ ಎದ್ದು ಹಿಂದೆ ಹೋಗಿ ನೋಡಿ. ಶಾರ್ಡಾನ್ ಚಿತ್ರದ ಹತ್ತಿರ ಹೋದರೆ ಎಲ್ಲ ಕಲಸಿಹೋಗುತ್ತದೆ, ದೂರ ಸರಿದರೆ ಮತ್ತೆ ಕೂಡಿಕೊಳ್ಳುತ್ತದೆ ಎಂಬ ಮಾತನ್ನು ಫ್ರೆಂಚ್ ಲೇಖಕ, ಕಲಾ ವಿಮರ್ಶಕ ದಿದರೋ 1763ರಲ್ಲೇ ಬರೆದಿದ್ದ. ಮೂಗು ಕ್ಯಾನ್ವಾಸಿಗೆ ತಾಗಿಸಿ ಕೂತರೆ ಈ ಪಾಠ ಸಿಗುವುದಿಲ್ಲ.

ಲೋಟಕ್ಕೆ ಎಲ್ಲರೂ ಹೆದರುತ್ತಾರೆ, ಸುಮ್ನೆ. ಹಿಂದಿನ ಕಂದು ಬಣ್ಣವನ್ನೇ ಒಳಗೂ ಬಿಡಿ. ನೀರಿನ ಮಟ್ಟಕ್ಕೆ ಒಂದು ಮೊಟ್ಟೆಯಾಕಾರದ ಗೆರೆ, ಕಿಟಕಿಯ ಹೊಳಪಿಗೆ ಎರಡು ಚುಕ್ಕೆ. ಮೂರನೆಯದು ಹಾಕಬೇಕು ಅನ್ನಿಸಿದರೆ ಬ್ರಷ್ ಕೆಳಗಿಡಿ.

ಪೀಚ್‌ನ ನವಿರು ರೋಮಕ್ಕೆ ಒಣ ಬ್ರಷ್‌ನಲ್ಲಿ ತಿಳಿ ಬೂದು ಬಣ್ಣ ಸವರಿದರೆ ಸಾಕು. ಬಿಳಿ ಹೂಗಳಿಗೆ ಗಟ್ಟಿ ಬಣ್ಣ ಕೊನೆಯಲ್ಲಿ. ಎಣ್ಣೆ ಜಾಸ್ತಿ ಇರುವ ಬಣ್ಣ ಯಾವಾಗಲೂ ಮೇಲಿನ ಪದರದಲ್ಲಿರಲಿ, ಕೆಳಗೆ ಹೋದರೆ ಮುಂದೆ ಬಿರುಕು ಬಿಡುತ್ತದೆ. ಚಿತ್ರ ಮುಗಿದ ಮೇಲೆ ಮಾಮೂಲಿ ವಾರ್ನಿಷ್ ಬಳಿಯಲು ಆರು ತಿಂಗಳಾದರೂ ಕಾಯಿರಿ.